ಲಾಗ್‌ನಲ್ಲಿ ಬರೀ ಅಂಕಿ ಬಂದರೆ: ಸ್ಟ್ಯಾಕ್ ಟ್ರೇಸ್ ಓದಿಸುವ ಸ್ಕ್ರಿಪ್ಟ್

ಪ್ರಶ್ನೆ: ದಾವಣಗೆರೆಯಲ್ಲಿ ನಾವು ಮೂವರು ಸೇರಿ ಲಾರಿ ತೂಗುವ ವೇ ಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಲಿನಕ್ಸ್ ಮೇಲೆ ಓಡುತ್ತದೆ. ಇಲ್ಲಿನ ಒಂದು ಮೆಕ್ಕೆಜೋಳದ ಯಾರ್ಡ್, ಚಳ್ಳಕೆರೆ, ಹಿರಿಯೂರು ಈ ಮೂರು ಕಡೆ ಹಾಕಿದ್ದೇವೆ. ಲಾರಿ ಸಾಲುಗಟ್ಟಿ ನಿಂತಾಗಲೇ ಪ್ರೋಗ್ರಾಂ ಬಿದ್ದುಹೋಗುತ್ತದೆ. ಲಾಗ್‌ನಲ್ಲಿ ಉಳಿಯುವುದು ಈ ಆರು ಸಾಲು ಮಾತ್ರ. ಚೌಕ ಕಂಸದ ಒಳಗಿನ ಸಂಖ್ಯೆಯನ್ನು, ವಿಳಾಸದಿಂದ ಸಾಲು ಹುಡುಕಿಕೊಡುವ ಆ್ಯಡರ್2ಲೈನ್ ಆಜ್ಞೆಗೆ ಕೊಟ್ಟರೆ ಎರಡು ಪ್ರಶ್ನೆ ಚಿಹ್ನೆ ಬಿಟ್ಟು ಏನೂ ಬರುವುದಿಲ್ಲ. ಇದನ್ನು ಫೈಲಿನ ಹೆಸರು, ಸಾಲಿನ ಸಂಖ್ಯೆಯಾಗಿ ಬದಲಿಸುವ ಸ್ಕ್ರಿಪ್ಟ್ ಹೇಗೆ ಬರೆಯುವುದು?

./ತೂಕ(+0ಎಕ್ಸ್3245) [0ಎಕ್ಸ್563412873245]
ಲಿಬ್‌ಸಿ.ಎಸ್ಒ.6(+0ಎಕ್ಸ್42520) [0ಎಕ್ಸ್7ಎಫ್1234542520]
./ತೂಕ(+0ಎಕ್ಸ್2417) [0ಎಕ್ಸ್563412872417]
./ತೂಕ(+0ಎಕ್ಸ್1986) [0ಎಕ್ಸ್563412871986]
./ತೂಕ(+0ಎಕ್ಸ್1189) [0ಎಕ್ಸ್563412871189]
ಲಿಬ್‌ಸಿ.ಎಸ್ಒ.6(+0ಎಕ್ಸ್29ಡಿ90) [0ಎಕ್ಸ್7ಎಫ್1234529ಡಿ90]

ಉತ್ತರ: ನಿಮ್ಮ ಬೈನರಿ, ಅಂದರೆ ಕಂಪೈಲ್ ಆದ ಪ್ರೋಗ್ರಾಂ ಫೈಲು, ನನ್ನ ಮುಂದೆ ಇಲ್ಲ. ಹಾಗಾಗಿ ಈ ಆರು ಸಾಲನ್ನು ಎಷ್ಟು ಹೊತ್ತು ನೋಡಿದರೂ ತಪ್ಪು ನಿಮ್ಮ ಕೋಡಿನ ಯಾವ ಸಾಲಿನಲ್ಲಿದೆ ಎಂದು ನಾನು ಹೇಳಲಾರೆ. ನಿಮ್ಮ ಕಷ್ಟದ ತಿರುಳೂ ಇಷ್ಟೇ. ಸ್ಕ್ರಿಪ್ಟ್ ಬರೆಯುವುದು ಅರ್ಧ ದಿನದ ಕೆಲಸ. ಯಾರ್ಡಿಗೆ ಹೋದ ಅದೇ ಬಿಲ್ಡಿನ (ಒಂದು ಸಲ ಕಂಪೈಲ್ ಮಾಡಿ ತಯಾರಿಸಿದ ಪ್ರತಿಯ) ಡಿಬಗ್ ಮಾಹಿತಿ, ಅಂದರೆ ಯಾವ ವಿಳಾಸ ಯಾವ ಸಾಲಿನದು ಎಂಬ ಪಟ್ಟಿ, ನಿಮ್ಮ ಕೈಯಲ್ಲಿದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಅದಿಲ್ಲದಿದ್ದರೆ ಎಂಥ ಸ್ಕ್ರಿಪ್ಟಿನಿಂದಲೂ ಉಪಯೋಗವಿಲ್ಲ. ಹೆಚ್ಚುಕಮ್ಮಿ ಅದೇ ಇರಬಹುದಾದ ಬೇರೆ ಬಿಲ್ಡ್ ಇದ್ದರಂತೂ ಸ್ಕ್ರಿಪ್ಟ್ ಧೈರ್ಯವಾಗಿ ತಪ್ಪು ಸಾಲನ್ನೇ ತೋರಿಸುತ್ತದೆ. ಪ್ರಶ್ನೆ ಚಿಹ್ನೆ ಬಂದರೆ ಗೊತ್ತಾಗಲಿಲ್ಲ ಎಂದಾದರೂ ತಿಳಿಯುತ್ತದೆ. ತಪ್ಪು ಸಾಲು ಬಂದರೆ ಸರಿಯಾಗಿರುವ ಕೋಡಿನಲ್ಲಿ ಎರಡು ದಿನ ಹುಡುಕುತ್ತೀರಿ.

ಆಜ್ಞೆ, ಆಯ್ಕೆಗಳ ಅಕ್ಷರಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಈ ಆರು ಸಾಲು ಏನು ಹೇಳುತ್ತಿವೆ ನೋಡೋಣ. ಸ್ಟ್ಯಾಕ್ ಟ್ರೇಸ್ ಎಂದರೆ ಬೀಳುವ ಹೊತ್ತಿಗೆ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ. ಅದರಲ್ಲಿ ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಮೊದಲ ಸಾಲು ಟ್ರೇಸ್ ಬರೆದ ನಿಮ್ಮದೇ ಸಿಗ್ನಲ್ ಹ್ಯಾಂಡ್ಲರ್, ಅಂದರೆ ಪ್ರೋಗ್ರಾಂ ಬಿದ್ದಾಗ ಓಡುವ ಫಂಕ್ಷನ್. ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು ಸಿಗ್ನಲ್ ಮುಗಿದ ಮೇಲೆ ಹಿಂದಿರುಗಲು ಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) ಇಟ್ಟಿರುವ ಸಣ್ಣ ತುಂಡು. ಕೊನೆಯದು ನಿಮ್ಮ ಮೇನ್ ಫಂಕ್ಷನ್ನನ್ನು ಕರೆದ ಲಿಬ್‌ಸಿಯ ಜಾಗ. 42520, 29ಡಿ90 ಈ ಎರಡು ಅಂಕಿ ಉಬುಂಟು 22.04ರ 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳ ಲಾಗ್‌ನಲ್ಲಿ ಪದೇ ಪದೇ ಕಾಣಸಿಗುತ್ತವೆ, ಹಾಗಾಗಿ ಬಿದ್ದ ಯಂತ್ರ ಅದೇ ಇರಬೇಕು. ನಿಮಗೆ ಬೇಕಾದದ್ದು ನಡುವಿನ ಮೂರು ಸಾಲು. ಅದರಲ್ಲೂ 2417 ಇರುವ ಸಾಲೇ ಪ್ರೋಗ್ರಾಂ ಬಿದ್ದ ಜಾಗ. ಉಳಿದ ಎರಡು ಅಲ್ಲಿಗೆ ಬಂದ ದಾರಿ.

ಪ್ರಶ್ನೆ ಚಿಹ್ನೆ ಯಾಕೆ ಬಂತು? ಈಗಿನ ಉಬುಂಟು, ಡೆಬಿಯನ್‌ಗಳಲ್ಲಿ ಜಿಸಿಸಿ ಕಂಪೈಲರ್ ತಾನಾಗಿಯೇ ಪಿಐಇ ಬಗೆಯ ಬೈನರಿ ಮಾಡುತ್ತದೆ. ಅದನ್ನು ಮೆಮೊರಿಯ ಎಲ್ಲಿ ಬೇಕಾದರೂ ಇಳಿಸಬಹುದು. ಭದ್ರತೆಗಾಗಿ ಕರ್ನಲ್ ಪ್ರತಿ ಸಲ ಬೇರೆ ಬೇರೆ ಕಡೆ ಇಳಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೆನಪಿಸಿಕೊಳ್ಳಿ. ಎಣಿಕೆ ಪುಣೆಯಿಂದ ಶುರು ಮಾಡಿದರೂ ಬೆಂಗಳೂರಿನಿಂದ ಶುರು ಮಾಡಿದರೂ ಕಲ್ಲಿನ ಮೇಲಿನ ಸಂಖ್ಯೆ ಬದಲಾಗುತ್ತದೆ, ಚಿತ್ರದುರ್ಗದಿಂದ ದಾವಣಗೆರೆಗೆ ಇರುವ ಸುಮಾರು 60 ಕಿಲೋಮೀಟರ್ ಬದಲಾಗುವುದಿಲ್ಲ. ಚೌಕ ಕಂಸದ ಸಂಖ್ಯೆ ಕಲ್ಲಿನ ಮೇಲಿನದು, ದುಂಡು ಕಂಸದ ಸಂಖ್ಯೆ ಊರಿಂದೂರಿಗೆ ಇರುವ ಅಂತರ. ನಿಮ್ಮ ಲಾಗ್‌ನಲ್ಲಿ ಬೈನರಿ 563412870000 ಎಂಬಲ್ಲಿ ಇಳಿದಿತ್ತು. 563412872417ರಿಂದ ಅದನ್ನು ಕಳೆದರೆ 2417. ಆ್ಯಡರ್2ಲೈನ್‌ಗೆ ಗೊತ್ತಿರುವುದು ಈ 2417 ಮಾತ್ರ. ನೀವು ದೊಡ್ಡ ಸಂಖ್ಯೆ ಕೊಟ್ಟಿರಿ, ಅದು ಸಿಗಲಿಲ್ಲ ಎಂದಿತು.

ಹಾಗಾದರೆ ದುಂಡು ಕಂಸದ ಸಂಖ್ಯೆಯನ್ನೇ ಕಣ್ಣುಮುಚ್ಚಿ ಕೊಡಬಹುದೇ? ನಿಮ್ಮ ಈ ಲಾಗ್‌ಗೆ ಕೊಡಬಹುದು. ಎಲ್ಲ ಲಾಗ್‌ಗೂ ಅಲ್ಲ. ಲಿಬ್‌ಸಿಯ ಬ್ಯಾಕ್‌ಟ್ರೇಸ್ ಫಂಕ್ಷನ್‌ಗಳು ಸಾಲನ್ನು ಮೂರು ರೂಪದಲ್ಲಿ ಬರೆಯುತ್ತವೆ. ಸ್ಕ್ರಿಪ್ಟ್ ಮೂರನ್ನೂ ಬೇರೆ ಬೇರೆಯಾಗಿ ಹಿಡಿಯಬೇಕು. ದುಂಡು ಕಂಸದಲ್ಲಿ ಹೆಸರಿಲ್ಲದೆ ನೇರ ಪ್ಲಸ್ ಇದ್ದರೆ, ಅಂದರೆ ನಿಮ್ಮದರಂತೆ ಇದ್ದರೆ, ಆ ಸಂಖ್ಯೆ ಬೈನರಿಯ ಬುಡದಿಂದ ಅಳೆದದ್ದು, ನೇರವಾಗಿ ಬಳಸಿ. ಕಂಸ ಖಾಲಿ ಇದ್ದು ಮುಂದೆ 0ಎಕ್ಸ್401136ರಂಥ ಚಿಕ್ಕ ವಿಳಾಸ ಇದ್ದರೆ ಅದು ಪಿಐಇ ಅಲ್ಲದ ಬೈನರಿ; ಅಲ್ಲಿ ಚೌಕ ಕಂಸದ ಸಂಖ್ಯೆಯೇ ಸರಿ. ಮೂರನೆಯ ರೂಪದಲ್ಲಿ ಫಂಕ್ಷನ್ ಹೆಸರು, ಪ್ಲಸ್, ಸಂಖ್ಯೆ ಇರುತ್ತದೆ. ಲಿಂಕ್ ಮಾಡುವಾಗ ಆರ್‌ಡೈನಾಮಿಕ್ ಆಯ್ಕೆ ಕೊಟ್ಟಿದ್ದರೆ ನಿಮ್ಮ ಫಂಕ್ಷನ್‌ಗಳಿಗೂ ಹೀಗೆ ಬರುತ್ತದೆ. ಈ ಸಂಖ್ಯೆ ಬೈನರಿಯ ಬುಡದಿಂದ ಅಳೆದದ್ದಲ್ಲ, ಆ ಫಂಕ್ಷನ್ ಶುರುವಾದ ಜಾಗದಿಂದ ಅಳೆದದ್ದು. ಹೊಸದಾಗಿ ಸ್ಕ್ರಿಪ್ಟ್ ಬರೆಯುವವರು ಎಡವುವುದು ಬಹುಪಾಲು ಇಲ್ಲೇ. 0ಎಕ್ಸ್17 ಎಂದು ಇದ್ದದ್ದನ್ನು ಹಾಗೇ ಕೊಟ್ಟು, ಏನೂ ಬರಲಿಲ್ಲ ಎಂದು ಕೈಚೆಲ್ಲುತ್ತಾರೆ. ಬೈನರಿಯ ಹೆಸರುಗಳನ್ನೂ ಅವುಗಳ ವಿಳಾಸಗಳನ್ನೂ ಪಟ್ಟಿ ಮಾಡುವ ಎನ್‌ಎಂ ಆಜ್ಞೆಯನ್ನು ದೊಡ್ಡಕ್ಷರದ ಡಿ ಆಯ್ಕೆಯೊಂದಿಗೆ ಓಡಿಸಿ, ಆ ಹೆಸರಿನ ವಿಳಾಸ ಹುಡುಕಿ, ಅದಕ್ಕೆ 17 ಕೂಡಿಸಿ ಕೊಡಬೇಕು. ಕೂಡುವುದೂ ಕಳೆಯುವುದೂ ಹೆಕ್ಸ್‌ನಲ್ಲೇ (ಹದಿನಾರರ ಎಣಿಕೆ, 0ಎಕ್ಸ್ ಅದರ ಗುರುತು) ಎಂಬುದು ನೆನಪಿರಲಿ.

ಕೆಲವು ಪ್ರೋಗ್ರಾಂಗಳು ದುಂಡು ಕಂಸವೇ ಇಲ್ಲದೆ ಬರೀ ವಿಳಾಸ ಬರೆಯುತ್ತವೆ. ಆಗ ಬೈನರಿ ಎಲ್ಲಿ ಇಳಿದಿತ್ತು ಎಂದು ತಿಳಿಯಲು ಪ್ರೊಕ್ ಫೈಲ್ ಸಿಸ್ಟಮ್ಮಿನ ಮ್ಯಾಪ್ಸ್ ಫೈಲ್ ಬೇಕು. ಬೀಳುವ ಹೊತ್ತಿಗೆ ಹ್ಯಾಂಡ್ಲರ್ ಅದನ್ನೂ ಲಾಗ್‌ಗೆ ಬರೆದಿರಬೇಕು. ಪ್ರೋಗ್ರಾಂ ಸತ್ತ ಮೇಲೆ ಆ ಫೈಲೂ ಹೋಯಿತು. ಓಡಿಸಬಲ್ಲ ಭಾಗದ ಸಾಲು 563412871000ರಿಂದ ಶುರುವಾಗಿ ಮೂರನೆಯ ಅಂಕಣದಲ್ಲಿ 1000 ಎಂಬ ಆಫ್‌ಸೆಟ್ ಇದ್ದರೆ, ವಿಳಾಸದಿಂದ 563412871000 ಕಳೆದು 1000 ಕೂಡಿಸಿ. ಆ 1000 ಕೂಡಿಸುವುದನ್ನು ಮರೆತರೆ 1417 ಬರುತ್ತದೆ, ಅದೂ ನಿಮ್ಮ ಕೋಡಿನ ಒಳಗೇ ಬೀಳುವ ಸಂಖ್ಯೆ. ಹೀಗಾಗಿ ತಪ್ಪೆಂದು ಗೊತ್ತೇ ಆಗದ ಉತ್ತರ ಸಿಗುತ್ತದೆ. ಎಲ್‌ಎಲ್‌ಡಿ ಲಿಂಕರ್ ಬಳಸುವವರು ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಬೇಕು: ಅದು ಮಾಡುವ ಬೈನರಿಯಲ್ಲಿ ಫೈಲಿನ ಆಫ್‌ಸೆಟ್ಟೂ ಮೆಮೊರಿಯ ಆಫ್‌ಸೆಟ್ಟೂ ಒಂದೇ ಆಗಿರುವುದಿಲ್ಲ, ಬೈನರಿಯ ರಚನೆ ತೋರಿಸುವ ರೀಡ್‌ಎಲ್ಫ್ ಆಜ್ಞೆಯಲ್ಲಿ ಸೆಗ್‌ಮೆಂಟ್ ಪಟ್ಟಿ ನೋಡಿ ವ್ಯತ್ಯಾಸ ಸೇರಿಸಿಕೊಳ್ಳಬೇಕು.

ಇನ್ನು ಒಂದು ಕಳೆಯುವ ವಿಚಾರ. 1986, 1189 ಇವು ಕರೆ ಮಾಡಿದ ಜಾಗವಲ್ಲ, ಕರೆ ಮುಗಿದ ಮೇಲೆ ಹಿಂದಿರುಗಬೇಕಾದ ಜಾಗ. ಅಂದರೆ ಕಾಲ್ ಸೂಚನೆಯ ಮರುಬೈಟ್. ನಿಮ್ಮ ಕೋಡಿನ 88ನೇ ಸಾಲಿನಲ್ಲಿ ಕೊನೆಯ ಕೆಲಸವೇ ಆ ಕರೆ ಆಗಿದ್ದರೆ, ಮರುಬೈಟ್ 89 ಅಥವಾ 90ನೇ ಸಾಲಿಗೆ ಸೇರಿರುತ್ತದೆ. ಹಿಂದಿರುಗದ ಫಂಕ್ಷನ್ನನ್ನು, ಅಬಾರ್ಟ್‌ನಂಥದ್ದನ್ನು, ಕರೆದಿದ್ದರೆ ಮರುಬೈಟ್ ಬೇರೊಂದು ಫಂಕ್ಷನ್ನಿನ ಮೊದಲ ಬೈಟೇ ಆಗಿರಬಹುದು. ಆದ್ದರಿಂದ ಒಂದು ಕಳೆದು 1985, 1188 ಎಂದು ಕೇಳಿ. ಸೂಚನೆಯ ಪೂರ್ತಿ ಉದ್ದ ಕಳೆಯಬೇಕಿಲ್ಲ, ಅದರ ಒಳಗೆ ಎಲ್ಲಿ ಬಿದ್ದರೂ ಸಾಕು. ಆದರೆ 2417ರಿಂದ ಕಳೆಯಬೇಡಿ. ಅದು ಸಿಗ್ನಲ್ ಬಂದ ಕ್ಷಣದಲ್ಲಿ ಓಡುತ್ತಿದ್ದ ಸೂಚನೆಯದೇ ನಿಖರ ವಿಳಾಸ. ಒಂದು ಕಳೆದರೆ ಹಿಂದಿನ ಸೂಚನೆಗೆ ಜಾರುತ್ತದೆ. ಹಾಗಾಗಿ ಸ್ಕ್ರಿಪ್ಟ್‌ಗೆ ಈ ನಿಯಮ ಹೇಳಿಕೊಡಿ: ಲಿಬ್‌ಸಿಯ ಸಿಗ್ನಲ್ ಸಾಲು ಕಂಡರೆ ಅದರ ಕೆಳಗಿನ ಒಂದು ಸಾಲಿಗೆ ಮಾತ್ರ ಕಳೆಯಬೇಡ, ಉಳಿದವಕ್ಕೆಲ್ಲ ಒಂದು ಕಳೆ. ಹುಡುಕಾಟದ ಸಂಖ್ಯೆಗಷ್ಟೇ ಕಳೆಯಬೇಕು. ಲಾಗ್‌ನಲ್ಲಿ ಮೂಲ ಸಂಖ್ಯೆ ಹಾಗೆಯೇ ಉಳಿಯಲಿ.

ಈಗ ಸ್ಕ್ರಿಪ್ಟ್. ಪೈಥಾನ್ ಸಾಕು, ಹೊರಗಿನ ಲೈಬ್ರರಿ ಯಾವುದೂ ಬೇಡ. ಹುಡುಕುವ ಕೆಲಸ ಆ್ಯಡರ್2ಲೈನ್‌ನದು. ಅದು ಬಿನ್‌ಯುಟಿಲ್ಸ್ ಪ್ಯಾಕೇಜಿನೊಂದಿಗೆ ಬರುತ್ತದೆ, ಜಿಸಿಸಿ ಇರುವ ಯಂತ್ರದಲ್ಲಿ ಹೇಗೂ ಇರುತ್ತದೆ. ಐದು ಆಯ್ಕೆ ಕೊಡಿ: ಇ ಎಂದರೆ ಯಾವ ಫೈಲಿನಲ್ಲಿ ಹುಡುಕಬೇಕು, ಎಫ್ ಎಂದರೆ ಫಂಕ್ಷನ್ ಹೆಸರೂ ಬೇಕು, ದೊಡ್ಡಕ್ಷರದ ಸಿ ಎಂದರೆ ಸಿ ಪ್ಲಸ್ ಪ್ಲಸ್‌ನ ತಿರುಚಿದ ಹೆಸರನ್ನು ಬಿಡಿಸಿ ಬರೆ, ಐ ಎಂದರೆ ಇನ್‌ಲೈನ್ ಆದ (ಕಂಪೈಲರ್ ಇನ್ನೊಂದರೊಳಗೆ ಹರಡಿಬಿಟ್ಟ) ಫಂಕ್ಷನ್‌ಗಳನ್ನೂ ತೋರಿಸು, ಎ ಎಂದರೆ ಪ್ರತಿ ಉತ್ತರಕ್ಕೆ ಮೊದಲು ಕೇಳಿದ ವಿಳಾಸವನ್ನು ಮರಳಿ ಬರೆ. ಈ ಕೊನೆಯದನ್ನು ಬಿಡಬೇಡಿ. ಐ ಕೊಟ್ಟಾಗ ಒಂದು ವಿಳಾಸಕ್ಕೆ ಎರಡು ಸಾಲು ಬರಬಹುದು, ಎಂಟೂ ಬರಬಹುದು. ಒಂದರ ಉತ್ತರ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ತಿಳಿಯಲು ಆ ವಿಳಾಸವೇ ಗುರುತು.

ಸ್ಕ್ರಿಪ್ಟಿನ ಹರಿವು ಹೀಗಿರಲಿ:

ಲಾಗ್‌ನ ಎಲ್ಲ ಸಾಲು ಓದಿಕೋ
ಪ್ರತಿ ಸಾಲಿನಲ್ಲಿ ‘ಫೈಲು, ದುಂಡು ಕಂಸ, ಚೌಕ ಕಂಸ’ ಮಾದರಿ ಹುಡುಕು
ಸಿಕ್ಕರೆ: ರೂಪ ಯಾವುದು ನೋಡಿ ಅಂತರ ಲೆಕ್ಕ ಹಾಕು; ಸಿಗ್ನಲ್‌ನ ಕೆಳಗಿನ ಸಾಲಲ್ಲದಿದ್ದರೆ ಒಂದು ಕಳೆ
ಫೈಲಿನ ಹೆಸರಿನಡಿ ಆ ಅಂತರವನ್ನು ಗುಂಪು ಮಾಡು
ಪ್ರತಿ ಫೈಲಿಗೆ ಒಂದೇ ಸಲ ಆ್ಯಡರ್2ಲೈನ್ ಓಡಿಸಿ ಗುಂಪಿನ ಎಲ್ಲ ಅಂತರವನ್ನೂ ಕೊಡು
ಮೂಲ ಸಾಲನ್ನು ಹಾಗೇ ಬರೆ. ಅದರ ಕೆಳಗೆ ಒಳಸರಿಸಿ ಉತ್ತರ ಬರೆ
ಮಾದರಿ ಸಿಗದ ಸಾಲನ್ನು ಮುಟ್ಟದೆ ದಾಟಿಸು

ಗುಂಪು ಮಾಡುವುದು ಏಕೆಂದರೆ, ಆ್ಯಡರ್2ಲೈನ್ ಪ್ರತಿ ಸಲ ಶುರುವಾದಾಗ ಡಿಬಗ್ ಮಾಹಿತಿಯನ್ನು ಮತ್ತೆ ಓದುತ್ತದೆ. ಚಿಕ್ಕ ಬೈನರಿಗೆ ಗೊತ್ತಾಗದು. ನೂರಾರು ಎಂಬಿ ಡಿಬಗ್ ಮಾಹಿತಿ ಇರುವ ಕಡೆ ಸಾಲಿಗೊಮ್ಮೆ ಓಡಿಸಿದರೆ ಉದ್ದದ ಲಾಗ್ ಮುಗಿಯುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಅದನ್ನು ತೆರೆದಿಟ್ಟುಕೊಂಡು ಒಂದೊಂದೇ ವಿಳಾಸ ಕಳಿಸಿ ಉತ್ತರಕ್ಕೆ ಕಾಯುವ ಕ್ರಮವೂ ಇದೆ. ಆದರೆ ಬಫರ್ ಖಾಲಿ ಮಾಡುವುದನ್ನು ಮರೆತರೆ ಎರಡೂ ಕಡೆಯವು ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ. ನಿಮ್ಮ ಲಾಗ್ ಚಿಕ್ಕದು, ಗುಂಪಾಗಿ ಕೊಡುವ ದಾರಿಯೇ ಸಾಕು.

ಮೂಲ ಸಾಲನ್ನು ಅಳಿಸಬೇಡಿ. ಸ್ಕ್ರಿಪ್ಟ್ ತಪ್ಪು ಬೈನರಿ ನೋಡಿದ್ದರೆ ಮತ್ತೆ ಲೆಕ್ಕ ಹಾಕಲು ಆ ಅಂಕಿಗಳೇ ಬೇಕು.

ಮಾದರಿಯನ್ನು ಸಾಲಿನ ಆರಂಭಕ್ಕೆ ಕಟ್ಟಿಹಾಕಬೇಡಿ. ಸಿಸ್ಟಮ್‌ಡಿ ಮೂಲಕ ಓಡುವ ಪ್ರೋಗ್ರಾಮಿನ ಲಾಗ್‌ನಲ್ಲಿ ಮೊದಲು ದಿನಾಂಕ, ಯಂತ್ರದ ಹೆಸರು, ಪ್ರೊಸೆಸ್ ಸಂಖ್ಯೆ ಬಂದಿರುತ್ತವೆ. ಸಾಲಿನ ಅಂತ್ಯಕ್ಕೂ ಕಟ್ಟಬೇಡಿ: ಲಾಗ್ ವಿಂಡೋಸ್ ಯಂತ್ರವೊಂದರ ಮೂಲಕ ಬಂದಿದ್ದರೆ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರ ಅಂಟಿರುತ್ತದೆ, ಹೊಂದಬೇಕಾದ ಸಾಲು ಹೊಂದುವುದಿಲ್ಲ. ವೇ ಬ್ರಿಡ್ಜ್ ಆಪರೇಟರ್‌ಗೆ ಪರದೆಯ ಫೋಟೊ ಕಳಿಸಲು ಹೇಳುವುದನ್ನೂ ಬಿಡಿ. ಫೋಟೊ ನೋಡಿ ಟೈಪ್ ಮಾಡುವಾಗ ಹೆಕ್ಸ್‌ನಲ್ಲಿ 8 ಇದ್ದದ್ದು ಬಿ ಆಗುತ್ತದೆ, 0 ಇದ್ದದ್ದು ಡಿ ಆಗುತ್ತದೆ. ಎರಡೂ ಸರಿಯಾದ ಹೆಕ್ಸ್ ಅಂಕಿಗಳೇ ಆದ್ದರಿಂದ ಸ್ಕ್ರಿಪ್ಟ್ ಹಿಡಿಯಲಾರದು. ವಾಟ್ಸಾಪ್‌ನಲ್ಲೇ ಕಳಿಸಲಿ, ಆದರೆ ಫೈಲಾಗಿ ಕಳಿಸಲಿ.

ಇಲ್ಲಿಂದ ಮುಂದಿನದು ಅಸಲು ವಿಷಯ: ಯಾವ ಬಿಲ್ಡ್?

ಮೂರು ಊರಿನಲ್ಲಿ ಮೂರು ಯಂತ್ರ ಎಂದಿರಿ. ಮೂರರಲ್ಲೂ ಇವತ್ತು ಒಂದೇ ಆವೃತ್ತಿ ಇದೆ ಎಂದು ಖಚಿತವಾಗಿ ಹೇಳಬಲ್ಲಿರಾ? ಚಳ್ಳಕೆರೆಗೆ ಹೋದವರು ಶೇಂಗಾ ರಸೀದಿಯ ಒಂದು ಸಣ್ಣ ತಿದ್ದುಪಡಿ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಹಾಕಿ ಬಂದಿದ್ದರೆ ಅದು ಬೇರೆಯೇ ಬಿಲ್ಡ್. ಮೇಲುಗಡೆ ಒಂದು ಸಾಲು ಸೇರಿಸಿದರೂ ಕೆಳಗಿನ ವಿಳಾಸಗಳೆಲ್ಲ ಸರಿಯುತ್ತವೆ. ಆವೃತ್ತಿ 2.3 ಎಂದು ನೀವೇ ಬರೆದುಕೊಂಡ ಹೆಸರನ್ನು ನಂಬಬೇಡಿ, ಬಿಲ್ಡ್ ಐಡಿಯನ್ನು ನಂಬಿ. ಉಬುಂಟುವಿನ ಜಿಸಿಸಿ ಲಿಂಕ್ ಮಾಡುವಾಗ ಬೈನರಿಯೊಳಗೆ 20 ಬೈಟ್‌ಗಳ, ಅಂದರೆ 40 ಹೆಕ್ಸ್ ಅಂಕಿಗಳ ಒಂದು ಗುರುತು ತಾನಾಗಿಯೇ ಸೇರಿಸುತ್ತದೆ. ರೀಡ್‌ಎಲ್ಫ್‌ಗೆ ಎನ್ ಆಯ್ಕೆ ಕೊಟ್ಟರೆ ಕಾಣುತ್ತದೆ, ಫೈಲ್ ಆಜ್ಞೆಯೂ ತೋರಿಸುತ್ತದೆ. ಇದರ ದೊಡ್ಡ ಉಪಕಾರವೆಂದರೆ ಸ್ಟ್ರಿಪ್ ಮಾಡಿದರೂ, ಅಂದರೆ ಡಿಬಗ್ ಮಾಹಿತಿ ಕಿತ್ತುಹಾಕಿದರೂ, ಇದು ಬದಲಾಗುವುದಿಲ್ಲ. ಪೂರ್ತಿ ಫೈಲಿನ ಶಾ256 ಗುರುತು ಲೆಕ್ಕ ಹಾಕಿಟ್ಟರೆ ಸ್ಟ್ರಿಪ್ ಮಾಡಿದ ಕೂಡಲೇ ಅದು ಬೇರೆಯಾಗುತ್ತದೆ. ಬಿಲ್ಡ್ ಐಡಿ ಯಾರ್ಡಿನಲ್ಲಿರುವ ಸಪೂರ ಬೈನರಿಯಲ್ಲೂ ನಿಮ್ಮಲ್ಲಿರುವ ದಪ್ಪ ಬೈನರಿಯಲ್ಲೂ ಒಂದೇ.

ಹೀಗೆ ಮಾಡಿ. ಬಿಡುಗಡೆಯ ಬಿಲ್ಡ್‌ಗೂ ಡಿಬಗ್ ಮಾಹಿತಿ ಸೇರಿಸುವ ಜಿ ಆಯ್ಕೆ ಕೊಡಿ, ವೇಗ ಹೆಚ್ಚಿಸುವ ಒ2 ಇದ್ದರೂ ಸರಿ. ಜಿ ಕೊಟ್ಟರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂಬ ಭಯ ಬೇಡ. ಅದು ಕೋಡನ್ನು ಬದಲಿಸುವುದಿಲ್ಲ. ಡಿಬಗ್ ಮಾಹಿತಿ ಬೇರೆ ಸೆಕ್ಷನ್‌ಗಳಲ್ಲಿ ಕೂರುತ್ತದೆ, ಓಡುವಾಗ ಮೆಮೊರಿಗೆ ಇಳಿಯುವುದಿಲ್ಲ. ಹಿಗ್ಗುವುದು ಡಿಸ್ಕಿನ ಮೇಲಿನ ಫೈಲು ಮಾತ್ರ. ಆ ದಪ್ಪ ಫೈಲನ್ನು ಬಿಲ್ಡ್ ಐಡಿಯ ಹೆಸರಿನ ಫೋಲ್ಡರಿನಲ್ಲಿ ಎತ್ತಿಡಿ. ಆಮೇಲೆ ಸ್ಟ್ರಿಪ್ ಮಾಡಿದ ಪ್ರತಿಯನ್ನು ಯಾರ್ಡಿಗೆ ಕಳಿಸಿ. ಎತ್ತಿಡುವ ಕೆಲಸ ಬಿಲ್ಡ್ ಸ್ಕ್ರಿಪ್ಟಿನ ಒಳಗೇ ಇರಲಿ, ಕೈಯಿಂದ ಮಾಡುವುದಾದರೆ ಅವಸರದ ದಿನವೇ ತಪ್ಪಿಹೋಗುತ್ತದೆ. ಪ್ರೋಗ್ರಾಂ ಶುರುವಾಗುವಾಗ ತನ್ನ ಬಿಲ್ಡ್ ಐಡಿಯನ್ನು ಲಾಗ್‌ನ ಮೊದಲ ಸಾಲಾಗಿ ಬರೆಯಲಿ. ಡಿಎಲ್ ಇಟರೇಟ್ ಪಿಎಚ್‌ಡಿಆರ್ ಎಂಬ ಲಿಬ್‌ಸಿ ಫಂಕ್ಷನ್ನಿಂದ ತನ್ನದೇ ನೋಟ್ ಭಾಗವನ್ನು ಓದಿಕೊಳ್ಳಬಹುದು. ಆಗ ಸ್ಕ್ರಿಪ್ಟ್ ಲಾಗ್‌ನಿಂದ ಐಡಿ ತೆಗೆದುಕೊಂಡು ಆ ಫೋಲ್ಡರನ್ನೇ ತೆರೆಯುತ್ತದೆ. ಫೋಲ್ಡರ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಹತ್ತಿರದ ಬೇರೆ ಬಿಲ್ಡ್ ನೋಡಿ ಉತ್ತರ ಹೇಳುವ ಸೌಲಭ್ಯವನ್ನು ದಯವಿಟ್ಟು ಇಡಬೇಡಿ.

ಈಗಾಗಲೇ ಜಿ ಇಲ್ಲದೆ ಕಳಿಸಿಬಿಟ್ಟಿದ್ದೀರಿ ಎಂದುಕೊಳ್ಳೋಣ. ಆಗಲೂ ದಾರಿಯಿದೆ. ಆ ದಿನದ ಸೋರ್ಸನ್ನು ಗಿಟ್‌ನಿಂದ ತೆಗೆಯಿರಿ. ಅದೇ ಉಬುಂಟು, ಅದೇ ಜಿಸಿಸಿ ಆವೃತ್ತಿ, ಅದೇ ಆಯ್ಕೆಗಳು, ಅದೇ ಫೋಲ್ಡರ್ ದಾರಿ ಇಟ್ಟುಕೊಂಡು ಜಿ ಒಂದನ್ನು ಮಾತ್ರ ಸೇರಿಸಿ ಕಂಪೈಲ್ ಮಾಡಿ. ಬಿಲ್ಡ್ ಐಡಿ ಹೊಂದುವುದಿಲ್ಲ, ಏಕೆಂದರೆ ಡಿಬಗ್ ಮಾಹಿತಿಯೂ ಅದರ ಲೆಕ್ಕಕ್ಕೆ ಬರುತ್ತದೆ. ಬದಲಿಗೆ ಆಬ್ಜ್‌ಕಾಪಿಯಿಂದ ಎರಡೂ ಬೈನರಿಗಳ ಟೆಕ್ಸ್ಟ್ ಸೆಕ್ಷನ್ (ಓಡುವ ಕೋಡು) ಮಾತ್ರ ಹೊರತೆಗೆದು ಸಿಎಂಪಿ ಆಜ್ಞೆಯಿಂದ ಹೋಲಿಸಿ. ಒಂದು ಬೈಟೂ ವ್ಯತ್ಯಾಸವಿಲ್ಲದಿದ್ದರೆ ಈ ಹೊಸ ಬೈನರಿಯ ಸಾಲಿನ ಸಂಖ್ಯೆಗಳನ್ನು ಪೂರ್ತಿ ನಂಬಬಹುದು. ವ್ಯತ್ಯಾಸ ಬಂದರೆ ಮೊದಲು ಅನುಮಾನಿಸಬೇಕಾದ್ದು ಫೋಲ್ಡರ್ ದಾರಿಯನ್ನು: ಅಸರ್ಟ್ ಬಳಸಿದ ಕಡೆಯೆಲ್ಲ ಫೈಲಿನ ದಾರಿ ಬೈನರಿಯೊಳಗೆ ಸೇರಿರುತ್ತದೆ, ಅದರ ಉದ್ದ ಬದಲಾದರೆ ಪಕ್ಕದ ವಿಳಾಸಗಳೂ ಸರಿಯುತ್ತವೆ.

ಬಿಲ್ಡ್ ಐಡಿ ಸಿಗದ ಹಳೆಯ ಲಾಗ್‌ಗೆ ಇನ್ನೊಂದು ಪರೀಕ್ಷೆ ಇದೆ, ಅದು ನನಗೆ ಬಹಳ ಹಿಡಿಸುತ್ತದೆ. ಟ್ರೇಸಿನ ಸಾಲುಗಳು ಸರಪಳಿಯ ಕೊಂಡಿಗಳಿದ್ದಂತೆ. ಒಂದು ಇನ್ನೊಂದಕ್ಕೆ ಸಿಕ್ಕಿಕೊಂಡಿರಲೇಬೇಕು. 1986ಕ್ಕೆ ಹಿಂದಿರುಗಬೇಕಾಗಿತ್ತು ಎಂದರೆ ಅದರ ಬೆನ್ನ ಹಿಂದೆಯೇ ಒಂದು ಕಾಲ್ ಸೂಚನೆ ಇರಬೇಕು. ಇಂಟೆಲ್ 64 ಬಿಟ್‌ನಲ್ಲಿ ನೇರ ಕಾಲ್ ಸೂಚನೆ 5 ಬೈಟ್. ಹಾಗಾಗಿ 1981ರಲ್ಲಿ ಅದು ಶುರುವಾಗಬೇಕು. ಅಷ್ಟೇ ಅಲ್ಲ, ಅದು ಕರೆಯುವ ಫಂಕ್ಷನ್ನಿನ ಒಳಗೇ 2417 ಇರಬೇಕು. ಹಾಗೆಯೇ 1184ರಲ್ಲಿರುವ ಕಾಲ್ 1986 ಇರುವ ಫಂಕ್ಷನ್ನನ್ನು ಕರೆಯಬೇಕು. ಬೈನರಿಯ ಸೂಚನೆಗಳನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ಗೆ ಡಿ ಆಯ್ಕೆ ಕೊಟ್ಟು ಈ ಎರಡು ಜಾಗ ನೋಡಿ. 1981ರಲ್ಲಿ ಯಾವುದೋ ಸೂಚನೆಯ ಮಧ್ಯಭಾಗ ಕಂಡರೆ, ಅಥವಾ ಕರೆ ಬೇರೆಲ್ಲಿಗೋ ಹೋಗುತ್ತಿದ್ದರೆ, ನೀವು ನೋಡುತ್ತಿರುವುದು ಬೇರೆ ಬಿಲ್ಡ್. ವರ್ಚುವಲ್ ಫಂಕ್ಷನ್, ಫಂಕ್ಷನ್ ಪಾಯಿಂಟರ್ ಮೂಲಕ ಹೋದ ಕರೆಗಳಿಗೆ ಈ 5 ಬೈಟ್ ಲೆಕ್ಕ ಹೊಂದುವುದಿಲ್ಲ, ಯಾರನ್ನು ಕರೆಯಿತೆಂದೂ ಕಾಣುವುದಿಲ್ಲ. ಆಗಲೂ ಹಿಂದೆ ಯಾವುದಾದರೊಂದು ಕಾಲ್ ಇರಲೇಬೇಕು. ಮೂರು ಕೊಂಡಿ ಸರಿಯಾಗಿ ಕೂಡಿದರೆ ಬಿಲ್ಡ್ ಅದೇ ಎಂದು ನಡೆಯಬಹುದು.

ಇನ್ನೊಂದು ಹೊಂಡ: ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆ ಹೊಸ ಬೈನರಿಯನ್ನು ಅದೇ ಹೆಸರಿಗೆ ಸರಿಸಿ ಹಾಕುವುದು. ಡಿಸ್ಕಿನಲ್ಲಿ ಹೊಸದು, ಮೆಮೊರಿಯಲ್ಲಿ ಹಳೆಯದು. ಮೂರು ದಿನ ಬಿಟ್ಟು ಬಿದ್ದಾಗ ಹೊಸ ಬೈನರಿಯ ಐಡಿ ನೋಡಿ ಹುಡುಕಿದರೆ ಉತ್ತರ ತಪ್ಪು. ಮ್ಯಾಪ್ಸ್ ಫೈಲಿನಲ್ಲಿ ಆ ಸಾಲಿನ ಕೊನೆಗೆ ‘ಡಿಲೀಟೆಡ್’ ಎಂಬ ಗುರುತು ಬಿದ್ದಿರುತ್ತದೆ. ಹ್ಯಾಂಡ್ಲರ್ ಮ್ಯಾಪ್ಸ್ ಬರೆಯಲಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಉತ್ತರ ಬಂದ ಮೇಲೆ ಓದುವ ಬಗೆ. 2417ಕ್ಕೆ ಹೀಗೆ ಬಂತು ಎಂದುಕೊಳ್ಳಿ:

./ತೂಕ(+0ಎಕ್ಸ್2417) [0ಎಕ್ಸ್563412872417]
    ಅಂಕಿ_ತೆಗೆ, ಸೀರಿಯಲ್.ಸಿಪಿಪಿ:41
    ಸಾಲು_ಒಡೆ, ಸೀರಿಯಲ್.ಸಿಪಿಪಿ:212

ಒಂದು ವಿಳಾಸಕ್ಕೆ ಎರಡು ಉತ್ತರ ಬಂದದ್ದು ತಪ್ಪಲ್ಲ. ಕಂಪೈಲರ್ ಮೊದಲ ಫಂಕ್ಷನ್ನನ್ನು ಎರಡನೆಯದರೊಳಗೆ ಹರಡಿಬಿಟ್ಟಿದೆ. ಮೇಲಿನದು ಒಳಗಿನದು, ಬಿದ್ದದ್ದು 41ರಲ್ಲಿ. ಆದರೆ ಕಾರಣ ಹುಡುಕಲು 212ನ್ನು ನೋಡಬೇಕು. ವೇ ಬ್ರಿಡ್ಜ್ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ಲಿನಲ್ಲಿ ಬರುವ ಸಾಲು ಕೆಲವೊಮ್ಮೆ ಅರ್ಧಕ್ಕೆ ತುಂಡಾಗಿ ಬರುತ್ತದೆ. ಅದರಲ್ಲಿ ‘ಕೆ’ ಅಕ್ಷರ ಹುಡುಕುವ ಫಂಕ್ಷನ್ ಏನೂ ಸಿಗದೆ ನಲ್ ಕೊಟ್ಟು, ಆ ನಲ್ಲನ್ನೇ 41ನೇ ಸಾಲು ಓದಲು ಹೋದರೆ ಇಂಥದ್ದೇ ಟ್ರೇಸ್ ಬರುತ್ತದೆ. ನಿಮ್ಮ ತೊಂದರೆ ಇದೇ ಎನ್ನುತ್ತಿಲ್ಲ, ಎರಡು ಸಾಲನ್ನೂ ಯಾಕೆ ಓದಬೇಕು ಎಂಬುದಕ್ಕೆ ಉದಾಹರಣೆ.

ಫಂಕ್ಷನ್ ಹೆಸರು ಬಂದು ಸಾಲಿನ ಜಾಗದಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಇದ್ದರೆ ಬೈನರಿಯಲ್ಲಿ ಹೆಸರಿನ ಪಟ್ಟಿ ಇದೆ, ಡಿಬಗ್ ಮಾಹಿತಿ ಇಲ್ಲ. ಎರಡೂ ಪ್ರಶ್ನೆ ಚಿಹ್ನೆಯಾದರೆ ಸ್ಟ್ರಿಪ್ ಆದ ಬೈನರಿ ನೋಡುತ್ತಿದ್ದೀರಿ, ಇಲ್ಲವೇ ವಿಳಾಸವೇ ತಪ್ಪು. ‘ಡಿಸ್ಕ್ರಿಮಿನೇಟರ್ 3’ ಎಂಬಂತೆ ಬಂದರೆ ಗಾಬರಿ ಬೇಡ, ಒಂದೇ ಸಾಲಿನ ಕೋಡು ಹಲವು ತುಂಡಾಗಿದೆ ಎಂದಷ್ಟೇ ಅರ್ಥ. ನಡುವೆ ಇರಲೇಬೇಕಾದ ಒಂದು ಫಂಕ್ಷನ್ ಕಾಣೆಯಾಗಿದ್ದರೆ ಅದು ಟೇಲ್ ಕಾಲ್: ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆಯುವ ಫಂಕ್ಷನ್ ಒ2ರಲ್ಲಿ ತನ್ನ ಜಾಗ ಬಿಟ್ಟುಕೊಟ್ಟು ಹೊರಟುಹೋಗಿರುತ್ತದೆ. ಅದನ್ನು ಯಾವ ಸ್ಕ್ರಿಪ್ಟೂ ಮರಳಿ ತರಲಾರದು. ಬೇಕೇ ಬೇಕೆಂದರೆ ಕಂಪೈಲ್ ಮಾಡುವಾಗ ಸಿಬ್ಲಿಂಗ್ ಕಾಲ್ ಆಪ್ಟಿಮೈಸೇಶನ್ ಬೇಡ ಎಂಬ ಆಯ್ಕೆ ಕೊಡಿ.

ಲಿಬ್‌ಸಿಯ ಸಾಲುಗಳಿಗೂ ಹೆಸರು ಬೇಕಿದ್ದರೆ ಲಿಬ್‌ಸಿ6-ಡಿಬಿಜಿ ಪ್ಯಾಕೇಜ್ ಹಾಕಿಕೊಳ್ಳಿ; ಆದರೆ ಯಾರ್ಡಿನ ಯಂತ್ರದಲ್ಲಿರುವ ಲಿಬ್‌ಸಿಯ ಅದೇ ಆವೃತ್ತಿ ನಿಮ್ಮಲ್ಲೂ ಇರಬೇಕು. ನಿಮಗೆ ಇದು ಅಷ್ಟು ಅಗತ್ಯವಿಲ್ಲ.

ಹ್ಯಾಂಡ್ಲರ್ ಬಗ್ಗೆ ಎರಡು ಮಾತು ಹೇಳದೆ ಬಿಡಲಾಗದು, ಟ್ರೇಸೇ ಬರದಿದ್ದರೆ ಓದುವುದೇನು? ಬ್ಯಾಕ್‌ಟ್ರೇಸ್ ಸಿಂಬಲ್ಸ್ ಎಂಬ ಫಂಕ್ಷನ್ ಒಳಗೆ, ಮೆಮೊರಿ ಪಡೆಯುವ ಮ್ಯಾಲಕ್ ಫಂಕ್ಷನ್ನನ್ನು ಕರೆಯುತ್ತದೆ. ಹೀಪ್ (ಮ್ಯಾಲಕ್ ಕೊಡುವ ಮೆಮೊರಿ) ಕೆಟ್ಟದ್ದರಿಂದಲೇ ಪ್ರೋಗ್ರಾಂ ಬಿದ್ದಿದ್ದರೆ ಹ್ಯಾಂಡ್ಲರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಎಫ್‌ಡಿ ಇರುವ ಅದರ ಜೋಡಿ ಫಂಕ್ಷನ್ ಬಳಸಿ, ಅದು ನೇರ ಫೈಲಿಗೆ ಬರೆಯುತ್ತದೆ. ಬ್ಯಾಕ್‌ಟ್ರೇಸ್ ಫಂಕ್ಷನ್ನು ಮೊದಲ ಸಲ ಕರೆದಾಗ ಲಿಬ್‌ಜಿಸಿಸಿಯನ್ನು ಇಳಿಸಿಕೊಳ್ಳುತ್ತದೆ, ಅದಕ್ಕೂ ಮ್ಯಾಲಕ್ ಬೇಕಾಗಬಹುದು. ಆದ್ದರಿಂದ ಮೇನ್‌ನ ಆರಂಭದಲ್ಲೇ ಒಮ್ಮೆ ಸುಮ್ಮನೆ ಕರೆದಿಡಿ. ಕೊನೆಯಿಲ್ಲದ ರಿಕರ್ಶನ್‌ನಿಂದ ಸ್ಟ್ಯಾಕ್ ತುಂಬಿದ್ದರೆ ಹ್ಯಾಂಡ್ಲರ್‌ಗೆ ನಿಲ್ಲಲು ಜಾಗವೇ ಇರುವುದಿಲ್ಲ. ಸಿಗ್‌ಆಲ್ಟ್‌ಸ್ಟ್ಯಾಕ್‌ನಿಂದ ಬೇರೆ ಜಾಗ ಕೊಡಿ, 64 ಕೆಬಿ ಸಾಕು. ಬರೆದು ಮುಗಿದ ಮೇಲೆ ಸಿಗ್ನಲ್ಲನ್ನು ಅದರ ಸಹಜ ವರ್ತನೆಗೆ ಮರಳಿಸಿ ಮತ್ತೆ ಎಬ್ಬಿಸಿ, ಇಲ್ಲದಿದ್ದರೆ ಕೋರ್ ಫೈಲ್ (ಬಿದ್ದ ಕ್ಷಣದ ಮೆಮೊರಿಯ ನಕಲು) ಸಿಗುವ ಅವಕಾಶವೂ ತಪ್ಪುತ್ತದೆ.

ಮೂರರಲ್ಲಿ ಒಂದು ಯಂತ್ರ ರಾಸ್ಪ್‌ಬೆರಿ ಪೈ ಆಗಿದ್ದರೆ, ನಿಮ್ಮ ಲ್ಯಾಪ್‌ಟಾಪಿನ ಆ್ಯಡರ್2ಲೈನ್ ಆರ್ಮ್ ಬೈನರಿಯನ್ನು ಗುರುತಿಸದೆ ಹೋಗಬಹುದು. ಕ್ರಾಸ್ ಕಂಪೈಲರ್ ಜೊತೆ ಬಂದ ಆ್ಯಡರ್2ಲೈನ್ ಬಳಸಿ, ಅಥವಾ ಎಲ್ಲ ಬಗೆಯನ್ನೂ ಓದುವ ಎಲ್‌ಎಲ್‌ವಿಎಂ ಸಿಂಬಲೈಸರ್ ಹಾಕಿಕೊಳ್ಳಿ. 32 ಬಿಟ್ ಆರ್ಮ್‌ನಲ್ಲಿ ಸಿ ಭಾಷೆಯ ಫೈಲುಗಳಿಗೆ ಅನ್‌ವೈಂಡ್ ಟೇಬಲ್ಸ್ ಆಯ್ಕೆ ಕೊಡದಿದ್ದರೆ ಟ್ರೇಸ್ ಒಂದೆರಡು ಸಾಲಿಗೇ ನಿಂತುಬಿಡುತ್ತದೆ.

ಸ್ಕ್ರಿಪ್ಟ್ ಸಿದ್ಧವಾದ ಕೂಡಲೇ ಅಸಲಿ ಲಾಗ್ ಕೊಡಬೇಡಿ. ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಬರೆಯಿರಿ: ಮೇನ್ ಒಂದನ್ನು ಕರೆಯಲಿ, ಅದು ಇನ್ನೊಂದನ್ನು, ಅದು ನಲ್ ಪಾಯಿಂಟರ್ ಮುಟ್ಟಲಿ. ಎರಡು ಕರೆ, ನಲ್ ಮುಟ್ಟಿದ ಜಾಗ, ಈ ಮೂರರ ಸಾಲಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒ0ರಲ್ಲಿ ಒಮ್ಮೆ, ಒ2ರಲ್ಲಿ ಒಮ್ಮೆ, ಆರ್‌ಡೈನಾಮಿಕ್ ಕೊಟ್ಟು ಒಮ್ಮೆ, ಪಿಐಇ ಬೇಡವೆಂದು ಒಮ್ಮೆ ಕಂಪೈಲ್ ಮಾಡಿ ಬೀಳಿಸಿ. ಒ2ರಲ್ಲಿ ಫಂಕ್ಷನ್‌ಗಳು ಇನ್‌ಲೈನ್ ಆಗಿ ಒಂದಾಗದಂತೆ ನೋಇನ್‌ಲೈನ್ ಗುರುತು ಹಾಕಿ, ಆಮೇಲೆ ತೆಗೆದೂ ನೋಡಿ. ಸ್ಟ್ರಿಪ್ ಮಾಡಿದ ಪ್ರತಿಯನ್ನು ಮೂರೂ ಊರಿನ ಯಂತ್ರದಲ್ಲಿ ಬೀಳಿಸಿ ಲಾಗ್ ತರಿಸಿಕೊಂಡು, ನಿಮ್ಮಲ್ಲಿರುವ ದಪ್ಪ ಪ್ರತಿಯಿಂದ ಓದಿಸಿ. ಸಾಲು ಒಂದೊಂದು ಹೆಚ್ಚಾಗಿ ಬಂದರೆ ಒಂದು ಕಳೆಯುವ ನಿಯಮ ತಪ್ಪಿದೆ. ಬಿದ್ದ ಜಾಗದ ಸಾಲು ಮಾತ್ರ ತಪ್ಪಾಗಿ ಬಂದರೆ ಅಲ್ಲಿಯೂ ಕಳೆದುಬಿಟ್ಟಿದ್ದೀರಿ. ಕಾಗದದ ಸಂಖ್ಯೆಗೂ ಪರದೆಯ ಸಂಖ್ಯೆಗೂ ತಾಳೆಯಾದ ಮೇಲೆ ಈ ಆರು ಸಾಲು ಕೊಡಿ.